ಗೋಡೆಗೆ ಲಕ್ಷದ ಪರದೆ, ಕೆಳಗೆ ಇನ್ನೂರು ರೂಪಾಯಿ ಸಾಕೆಟ್ಟು: ಸರ್ಕಾರಿ ಶಾಲೆಯ ಸ್ಮಾರ್ಟ್ ಕ್ಲಾಸ್ ಕಿಟ್ ಹೇಗಿದೆ?

ರಾಯಚೂರು, ಕೊಪ್ಪಳ ಸೀಮೆಯ ಸರ್ಕಾರಿ ಶಾಲೆಗಳಿಗೆ ಈಚೆಗೆ ಬರುತ್ತಿರುವ ಸ್ಮಾರ್ಟ್ ಕ್ಲಾಸ್ ಕಿಟ್ ಹೆಚ್ಚುಕಡಿಮೆ ಒಂದೇ ಅಚ್ಚಿನದು. 65 ಇಲ್ಲವೇ 75 ಇಂಚಿನ ಟಚ್ ಪ್ಯಾನೆಲ್, ಅದರ ಬೆನ್ನಿಗೆ ಸಿಕ್ಕಿಸುವ ಒಪಿಎಸ್ ಎಂಬ ಪುಟ್ಟ ವಿಂಡೋಸ್ ಕಂಪ್ಯೂಟರ್, ಒಂದು ಇನ್ವರ್ಟರು, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ಎರಡು ಪೆನ್ನು, ಒಂದು ರಿಮೋಟು. ದುಡ್ಡು ಮಾತ್ರ ಹತ್ತು ದಾರಿಯಿಂದ ಬರುತ್ತದೆ: ಸಮಗ್ರ ಶಿಕ್ಷಣ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಬಳ್ಳಾರಿ ಗಣಿ ಸೀಮೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ, ಕೆಲವು ಊರಲ್ಲಿ ಹಳೇ ವಿದ್ಯಾರ್ಥಿಗಳು. ಟೆಂಡರ್ ಬದಲಾದಂತೆ ಪ್ಯಾನೆಲ್ ಮೇಲಿನ ಹೆಸರೂ ಬದಲಾಗುತ್ತದೆ. ಹಾಗಾಗಿ ಇಲ್ಲಿ ಯಾವ ಕಂಪನಿಯ ಹೆಸರೂ ಇಲ್ಲ. ಒಳಗಿನ ಸಾಮಾನು, ಕೈಕೊಡುವ ಜಾಗ ಎಲ್ಲದರಲ್ಲೂ ಅವೇ.

ಅಂಕ ಮೊದಲೇ ಕೊಟ್ಟುಬಿಡುತ್ತೇವೆ. ಪರದೆಗೆ ಐದಕ್ಕೆ ನಾಲ್ಕು. ಒಳಗಿನ ಪಾಠಕ್ಕೆ ಮೂರು, ಅದೂ ಶಿಕ್ಷಕರು ಹಿಂದಿನ ದಿನವೇ ಇಳಿಸಿಟ್ಟುಕೊಂಡಿದ್ದರೆ. ಕರೆಂಟಿನ ಜೋಡಣೆಗೆ ಒಂದೂವರೆ. ಪ್ಯಾನೆಲ್ ಮೇಲೆ ಬಟ್ಟೆ ಹೊದಿಸಿ ಅರಿಶಿನ-ಕುಂಕುಮ ಹಚ್ಚಿ ಬಿಟ್ಟ ಶಾಲೆಗಳಲ್ಲಿ ಆ ಬಟ್ಟೆ ಸರಿಸಿ ನೋಡಿದರೆ ಪರದೆ ಹೊಸದಾಗೇ ಇರುತ್ತದೆ. ಸತ್ತಿರುವುದು ಬ್ಯಾಟರಿ, ಇಲ್ಲವೇ ಪವರ್ ಬೋರ್ಡು. ಆದ್ದರಿಂದ ಈ ಬರಹದ ಬಹುಪಾಲು ಗೋಡೆಯ ಕೆಳಭಾಗದ ಬಗ್ಗೆಯೇ ಇದೆ.

ಲೆಕ್ಕ ಹಾಕೋಣ. 12 ವೋಲ್ಟ್, 150 ಎಎಚ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ, ಇನ್ವರ್ಟರು ತನ್ನ ಪಾಲು ತಿನ್ನುತ್ತದೆ. ನೆಮ್ಮದಿಯಾಗಿ ಕೈಗೆ ಸಿಗುವುದು 900ರಿಂದ 1,000. 65 ಇಂಚಿನ ಪ್ಯಾನೆಲ್ ಮತ್ತು ಒಪಿಎಸ್ ಸೇರಿ ಸುಮಾರು 220 ವ್ಯಾಟ್. ಬರೀ ಅದನ್ನೇ ನಡೆಸಿದರೆ ನಾಲ್ಕು ತಾಸು ದಾಟುತ್ತದೆ, 40 ನಿಮಿಷದ ಆರು ಪೀರಿಯಡ್. ಆದರೆ ವೈರ್‌ಮನ್ ಬಂದವನು ಅದೇ ಲೈನಿಗೆ ಎರಡು ಫ್ಯಾನು, ಎರಡು ಟ್ಯೂಬ್‌ಲೈಟನ್ನೂ ಸೇರಿಸಿ ಹೋಗಿರುತ್ತಾನೆ. ಹಳೇ ಫ್ಯಾನ್ ಒಂದಕ್ಕೆ 75 ವ್ಯಾಟ್, ಟ್ಯೂಬ್‌ಲೈಟ್ ಒಂದಕ್ಕೆ 20. ಒಟ್ಟು 410 ಆಯಿತು. ಮೂರು ಪೀರಿಯಡ್ ಮುಗಿಯುವಷ್ಟರಲ್ಲಿ ಇನ್ವರ್ಟರು ಕುಂಯ್ಯೋ ಅನ್ನಲು ಶುರು ಮಾಡುತ್ತದೆ. ಮಾರ್ಚ್ ಬಿಸಿಲಲ್ಲಿ ಫ್ಯಾನ್ ತೆಗೆಯಿರಿ ಅಂತ ಹೇಳುವುದು ಕಷ್ಟ, ನಿಜ. ಹಳೇ ಫ್ಯಾನಿನ ಜಾಗಕ್ಕೆ ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ.

ಇದಕ್ಕಿಂತ ಮಾಮೂಲಿ ತಪ್ಪು ಇನ್ನೊಂದಿದೆ. ಸಂಜೆ ಶಾಲೆಗೆ ಬೀಗ ಹಾಕುವಾಗ ಮೇನ್ ಸ್ವಿಚ್ ಇಳಿಸಿ ಹೋಗುವುದು ನಮ್ಮ ಕಡೆ ತಲೆತಲಾಂತರದ ಶಿಸ್ತು. ಆದರೆ 150 ಎಎಚ್ ಬ್ಯಾಟರಿ ತುಂಬಲು ಹತ್ತು-ಹನ್ನೆರಡು ತಾಸು ಬೇಕು. ರಾತ್ರಿ ಮೇನ್ ಬಂದ್ ಆದರೆ ಅದು ತುಂಬುವುದು ಯಾವಾಗ? ಹಗಲಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಅರೆಹೊಟ್ಟೆ ತುಂಬಿಸಿಕೊಳ್ಳುತ್ತದೆ, ಮಧ್ಯಾಹ್ನ ಮತ್ತೆ ಬರಿದಾಗುತ್ತದೆ. ಹೀಗೆ ವರ್ಷ ನಡೆದರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ ಐದು ವರ್ಷ ಬಾಳಬೇಕಾದ್ದು ಎರಡಕ್ಕೇ ಮುಗಿಯುತ್ತದೆ. ಇನ್ವರ್ಟರಿಗೆ ಬೇರೆಯೇ ಒಂದು ಎಂಸಿಬಿ (ಬೋರ್ಡಿನ ಸುರಕ್ಷತಾ ಸ್ವಿಚ್) ಹಾಕಿಸಿ, ಅದರ ಮೇಲೆ ‘ಇದನ್ನು ಇಳಿಸಬೇಡಿ’ ಅಂತ ಬರೆದು ಅಂಟಿಸಿ. ಅಷ್ಟೇ ಸಾಕು. ಬ್ಯಾಟರಿಯ ಆರೂ ಮುಚ್ಚಳದ ತೇಲುಕಡ್ಡಿಗಳನ್ನು ಎರಡು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರ್ ನೀರು ಹಾಕಿದರೆ ಅದರ ಉಪ್ಪು ಪ್ಲೇಟನ್ನು ತಿನ್ನುತ್ತದೆ. ಆರ್‌ಒ ಘಟಕದ ಕುಡಿಯುವ ನೀರಿನಲ್ಲೂ ಲವಣ ಉಳಿದಿರುತ್ತದೆ, ಅದೂ ಬೇಡ.

ಇನ್ವರ್ಟರಿನ ಹಿಂಭಾಗದಲ್ಲಿ ಒಂದು ಚಿಕ್ಕ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಇದನ್ನು ಯಾರೂ ತೋರಿಸಿಕೊಡುವುದಿಲ್ಲ. ಯುಪಿಎಸ್ ಕಡೆ ಇದ್ದರೆ ಕರೆಂಟ್ ಹೋದ ತಕ್ಷಣ ಕಣ್ಣೆವೆ ಮಿಟುಕುವ ಮೊದಲೇ ಬ್ಯಾಟರಿಗೆ ಬದಲಾಗುತ್ತದೆ, ಒಪಿಎಸ್ ಆರುವುದಿಲ್ಲ. ನಾರ್ಮಲ್‌ನಲ್ಲಿ ಬದಲಾವಣೆ ನಿಧಾನ. ಕಂಪ್ಯೂಟರ್ ಆರಿ ಮತ್ತೆ ಏಳಲು ಮೂರ್ನಾಲ್ಕು ನಿಮಿಷ, ಆ ಹೊತ್ತಿಗೆ ತರಗತಿ ಸಂತೆಯಾಗಿರುತ್ತದೆ. ಹಾಗಾದರೆ ಯುಪಿಎಸ್ ಕಡೆಯೇ ಇಡಬಹುದಲ್ಲ? ಇಡಬಹುದು, ವೋಲ್ಟೇಜ್ ಸರಿ ಇರುವ ಊರಲ್ಲಿ. ಯುಪಿಎಸ್‌ನಲ್ಲಿ ಸುಮಾರು 180 ವೋಲ್ಟಿಗಿಂತ ಕೆಳಗಿಳಿದರೆ ಇನ್ವರ್ಟರು ಕರೆಂಟ್ ಹೋಯಿತೆಂದೇ ತಿಳಿಯುತ್ತದೆ. ಹಗಲು ಪಂಪ್‌ಸೆಟ್ಟುಗಳು ಒಟ್ಟಿಗೆ ಎಳೆಯುವ ಹಳ್ಳಿಯಲ್ಲಿ, ಅಥವಾ ಶಾಲೆಯ ಬೋರ್ ಮೋಟರು ಅದೇ ಲೈನಿನಲ್ಲಿದ್ದರೆ, ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಬ್ಯಾಟರಿ ಇಳಿಯುತ್ತಿರುತ್ತದೆ. ‘ಕರೆಂಟ್ ಐತಿ, ಆದ್ರೂ ಬ್ಯಾಟರಿ ಯಾಕ ಖಾಲಿ ಆಗತೈತಿ’ ಅನ್ನುವ ದೂರಿಗೆ ಹೆಚ್ಚಿನ ಸಲ ಇದೇ ಉತ್ತರ. ಅಂಥ ಕಡೆ ಇನ್ವರ್ಟರಿನ ಮುಂದೆ ಒಂದು ಸ್ಟೆಬಿಲೈಜರ್ ಬೇಕು.

ಪ್ಯಾನೆಲ್ಲಿಗೆ ಕಡಿಮೆ ವೋಲ್ಟೇಜ್ ಅಷ್ಟೇನೂ ಭಯವಿಲ್ಲ, 100ರಿಂದ 240ರವರೆಗೆ ತಡೆಯುವಂತೆ ಮಾಡಿರುತ್ತಾರೆ. ಅದನ್ನು ಕೊಲ್ಲುವುದು ನ್ಯೂಟ್ರಲ್ ಕಟ್. ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲ್ ತಂತಿ ಹರಿದರೆ ಕೆಲವರ ಮನೆಗೆ 100 ವೋಲ್ಟ್, ಇನ್ನು ಕೆಲವರ ಮನೆಗೆ 300ರ ಮೇಲೆ ಬರುತ್ತದೆ. ನೇರ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ ಪ್ಯಾನೆಲ್ಲಿನ ಪವರ್ ಬೋರ್ಡ್ ಆ ಹೊತ್ತಿಗೆ ಸುಟ್ಟಿತೆಂದೇ ಲೆಕ್ಕ. ವಾರಂಟಿ ಕೇಳಿದರೆ ‘ವಿದ್ಯುತ್ ಏರುಪೇರಿಗೆ ಅನ್ವಯಿಸುವುದಿಲ್ಲ’ ಎಂಬ ಸಾಲು ತೋರಿಸುತ್ತಾರೆ.

ಇನ್ನು ಅರ್ಥಿಂಗ್. ಈ ದೂರು ಶಿಕ್ಷಕರಿಗಿಂತ ಮೊದಲು ಮಕ್ಕಳಿಂದ ಬರುತ್ತದೆ: ‘ಸರ್, ಬೋರ್ಡಿನ ಅಂಚು ಮುಟ್ಟಿದ್ರ ಜುಂ ಅಂತದ್ರಿ.’ ಪ್ಯಾನೆಲ್ಲಿನ ಒಳಗಿನ ಪವರ್ ಸಪ್ಲೈ ಅತಿ ಸಣ್ಣ ಪ್ರಮಾಣದ ಕರೆಂಟನ್ನು ಲೋಹದ ಚೌಕಟ್ಟಿನ ಮೂಲಕ ಅರ್ಥಿಗೆ ಬಿಡುತ್ತದೆ, ಅದು ದೋಷವಲ್ಲ. ಅರ್ಥ್ ತಂತಿ ಇಲ್ಲದಿದ್ದರೆ ಅದು ಹೋಗಲು ದಾರಿ ಸಿಗದೆ ಬರಿಗಾಲಲ್ಲಿ ನಿಂತ ಹುಡುಗಿಯ ಬೆರಳು ಹುಡುಕಿಕೊಳ್ಳುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿಗೆ ಸಿಕ್ಕಿಸಿ ಜಂಕ್ಷನ್ ಬಾಕ್ಸಿನಿಂದ ಎಳೆದ ಕಡೆ ಇದು ಖಂಡಿತ. ಮೂರು ಪಿನ್ ಇದ್ದೂ ಜುಂ ಅಂದರೆ ಅಂಗಳದ ಅರ್ಥ್ ಗುಂಡಿ ನೋಡಿ. ನಮ್ಮ ಎರೆ ಭೂಮಿ ಫೆಬ್ರುವರಿ ದಾಟಿದರೆ ಬಿರಿಯುತ್ತದೆ, ಪೈಪಿನ ಸುತ್ತ ಮಣ್ಣು ಬಿಟ್ಟು ಸಂದಿಯಾಗುತ್ತದೆ. ಇದ್ದಿಲು, ಉಪ್ಪು ಹಾಕಿ ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೆ ಎರಡು ಬಕೆಟ್ ನೀರು ಸುರಿಯಬೇಕು. ಬಿಸಿಯೂಟದ ತಟ್ಟೆ ತೊಳೆದ ನೀರನ್ನೇ ಆ ಕಡೆ ಹರಿಸಿದ ಶಾಲೆಗಳಿವೆ, ಜಾಣತನದ ಕೆಲಸ. ಪರೀಕ್ಷೆಗೆ ಮಲ್ಟಿಮೀಟರ್ ಸಾಕು, ಅದೂ ವೈರ್‌ಮನ್ ಕೈಯಲ್ಲಿ: ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥ್ ಕೂಡ ಅಷ್ಟೇ, ನ್ಯೂಟ್ರಲ್-ಅರ್ಥ್ ಮೂರು ವೋಲ್ಟಿನೊಳಗೆ. ಕೊನೆಯದು ಹತ್ತು-ಇಪ್ಪತ್ತು ತೋರಿಸಿದರೆ ಪ್ಯಾನೆಲ್ ಹಚ್ಚುವ ಮಾತೇ ಬೇಡ.

ಈಗ ಪರದೆಗೆ ಬರೋಣ. ಚಿತ್ರ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಆ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಪ್ರಶ್ನೆ ಕೊನೆಯ ಸಾಲಿನದು. 65 ಇಂಚಿನ ಪ್ಯಾನೆಲ್ಲಿನ ಎತ್ತರ 81 ಸೆಂಟಿಮೀಟರ್. ಪಾಠಪುಸ್ತಕದ ಒಂದು ಪುಟವನ್ನು ಪೂರ್ತಿ ತೋರಿಸಿದರೆ ಅಕ್ಷರ ಮೂರು ಪಟ್ಟು ಚಿಲ್ಲರೆ ದೊಡ್ಡದಾಗುತ್ತದೆ. ಹದಿನೆಂಟು ಅಡಿ ಹಿಂದೆ ಕೂತ ಹುಡುಗನಿಗೆ ಅದು ಐದಾರು ಅಡಿ ದೂರದಲ್ಲಿ ಯಾರೋ ಪುಸ್ತಕ ಹಿಡಿದು ನಿಂತಂತೆ. ಇಂಗ್ಲಿಷ್ ಅಕ್ಷರ ಹೇಗೋ ಓದಿಯಾನು. ‘ರಾಷ್ಟ್ರ’, ‘ಸ್ತ್ರೀ’ ಬಂದರೆ ಕೆಳಗಿನ ಒತ್ತಕ್ಷರ ಕಲಸಿ ಕರೀ ಚುಕ್ಕೆ. ಪುಟವನ್ನು ಕಾಲುಭಾಗದಷ್ಟೇ ಕಾಣುವಂತೆ ಹಿಗ್ಗಿಸಿ ಪಾಠ ಮಾಡಿ, ಇಲ್ಲವೇ ಮುಖ್ಯ ಸಾಲನ್ನು ದೊಡ್ಡದಾಗಿ ಬರೆಯಿರಿ. 40 ಮಕ್ಕಳ ದೊಡ್ಡ ಕೋಣೆಗೆ 75 ಇಂಚು ಒಳ್ಳೆಯದು. ಆದರೆ ಬಜೆಟ್ಟಿನಲ್ಲಿ ‘75 ಇಂಚು, ಬ್ಯಾಟರಿ ಇಲ್ಲ’ ಮತ್ತು ‘65 ಇಂಚು, ಬ್ಯಾಟರಿ ಸಹಿತ’ ಎಂಬ ಎರಡೇ ಆಯ್ಕೆ ಇದ್ದರೆ ಎಸ್‌ಡಿಎಂಸಿಯವರು (ಶಾಲೆಯ ಮೇಲುಸ್ತುವಾರಿ ಸಮಿತಿಯವರು) ಕಣ್ಣು ಮುಚ್ಚಿ ಎರಡನೆಯದಕ್ಕೆ ಒಪ್ಪಬೇಕು.

ಟಚ್ ಕೆಲಸ ಮಾಡುವುದು ಗಾಜಿನ ಮೇಲಲ್ಲ. ಚೌಕಟ್ಟಿನ ಒಳ ಅಂಚಿನಲ್ಲಿ ಸಾಲಾಗಿ ಇನ್‌ಫ್ರಾರೆಡ್ ದೀಪ, ಎದುರು ಅಂಚಿನಲ್ಲಿ ಅದನ್ನು ನೋಡುವ ಸೆನ್ಸರ್. ಬೆರಳು ನಡುವೆ ಬಂದರೆ ಕಿರಣ ಕಡಿಯುತ್ತದೆ. ಪಕ್ಕದ ಹಲಗೆಯ ಚಾಕ್‌ಪೀಸ್ ಪುಡಿ ಆ ಅಂಚಿನ ಸಂದಿಯಲ್ಲಿ ಕೂತರೆ ಒಂದು ಅಡ್ಡಗೆರೆಯುದ್ದಕ್ಕೂ ಟಚ್ ಸತ್ತುಹೋಗುತ್ತದೆ, ಅಥವಾ ಯಾರೂ ಮುಟ್ಟದೆಯೇ ಗೀಟು ಬೀಳುತ್ತದೆ. ಮಕ್ಕಳಿಗೆ ಮಜಾ, ದೆವ್ವ ಬರೆಯುತ್ತಿದೆ ಅನ್ನುತ್ತವೆ. ಒಣ ಪೇಂಟ್ ಬ್ರಷ್ಷಿನಿಂದ ನಾಲ್ಕೂ ಅಂಚು ವಾರಕ್ಕೊಮ್ಮೆ ಗುಡಿಸಿದರೆ ಸರಿಹೋಗುತ್ತದೆ. ಒದ್ದೆ ಬಟ್ಟೆ ಹಾಕಿದರೆ ಪುಡಿ ಸುಣ್ಣದ ಗಾರೆಯಂತೆ ಅಂಟಿ ಕೂರುತ್ತದೆ. ಕಿಟಕಿಯ ನೇರ ಬಿಸಿಲು ಅಂಚಿಗೆ ಬಿದ್ದರೂ ಸೆನ್ಸರ್ ತಬ್ಬಿಬ್ಬಾಗುತ್ತದೆ, ಗೋಡೆ ಆರಿಸುವಾಗಲೇ ಇದನ್ನು ನೋಡಬೇಕು. ತಗಡಿನ ಚಾವಣಿಯ ಕೋಣೆಯಂತೂ ಬೇಡ. ಈ ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ ಬರೆದಿರುವ ಮಿತಿ 40 ಡಿಗ್ರಿ, ನಮ್ಮ ಏಪ್ರಿಲ್‌ಗೆ ಅದು ಯಾವ ಲೆಕ್ಕ.

ಪಾಠದ ಸಾಮಗ್ರಿ ಅಂದರೆ ಮುಖ್ಯವಾಗಿ ದೀಕ್ಷಾ, ಸರ್ಕಾರದ ಪಾಠದ ತಾಣ ಮತ್ತು ಆ್ಯಪ್. 2015ರ ಜುಲೈ 1ಕ್ಕೆ ಶುರುವಾದ ಡಿಜಿಟಲ್ ಇಂಡಿಯಾದ ಶಾಲೆಯ ಮುಖ ಇದೇ, ಬಂದದ್ದು 2017ರಲ್ಲಿ. ಪಾಠಪುಸ್ತಕದಲ್ಲಿ ಅಚ್ಚಾದ ಕ್ಯುಆರ್ ಕೋಡನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಪ್ರಶ್ನೆ ತೆರೆಯುತ್ತವೆ. ಮೊಬೈಲಿನಲ್ಲಿ ಸಲೀಸು, ಪ್ಯಾನೆಲ್ಲಿನಲ್ಲಿ ಎರಡು ತೊಡಕು. ಬಹಳ ಪ್ಯಾನೆಲ್ಲುಗಳಿಗೆ ಕ್ಯಾಮೆರಾ ಇಲ್ಲ, ಸ್ಕ್ಯಾನ್ ಮಾಡುವುದು ಹೇಗೆ? ಆ ಚೌಕದ ಕೆಳಗೆ ಆರು ಅಕ್ಷರದ ಸಂಕೇತ ಅಚ್ಚಾಗಿರುತ್ತದೆ. ಒಪಿಎಸ್‌ನ ಬ್ರೌಸರಿನಲ್ಲಿ ದೀಕ್ಷಾ ತಾಣ ತೆರೆದು ಅದನ್ನು ಟೈಪ್ ಮಾಡಿದರೆ ಅದೇ ಪುಟ ಬರುತ್ತದೆ. ಎರಡನೆಯದು, ಪ್ಯಾನೆಲ್ಲಿನ ಸ್ವಂತ ಆಂಡ್ರಾಯ್ಡಿನಲ್ಲಿ ಎಷ್ಟೋ ಸಲ ಪ್ಲೇ ಸ್ಟೋರೇ ಇರುವುದಿಲ್ಲ. ಕೊಳ್ಳುವ ಮುನ್ನ ‘ಇಡಿಎಲ್‌ಎ ಸರ್ಟಿಫಿಕೇಟ್ ಇದೆಯೇ’ ಅಂತ ಕೇಳಿ, ಅದು ಇಂಥ ಪ್ಯಾನೆಲ್ಲುಗಳಿಗೆ ಗೂಗಲ್ ಕೊಡುವ ಪರವಾನಗಿ. ಇದ್ದರೆ ಗೂಗಲ್‌ನ ಆ್ಯಪುಗಳು ಸರಿಯಾಗಿ ನಡೆಯುತ್ತವೆ.

ಇಂಟರ್ನೆಟ್ ಮಾತ್ರ ಇನ್ನೂ ಶಿಕ್ಷಕರ ಜೇಬಿನದೇ. ಕೇಂದ್ರ ಸರ್ಕಾರದ ಭಾರತ್‌ನೆಟ್ ಫೈಬರ್ ಇರುವುದು ಗ್ರಾಮ ಪಂಚಾಯ್ತಿಯವರೆಗೆ, ಅಲ್ಲಿಂದ ಶಾಲೆಗೆ ಬೇರೆ ಸಂಪರ್ಕ ಎಳೆಸಬೇಕು. ಎಳೆಸದ ಕಡೆ ಮಾಸ್ತರರ ಹಾಟ್‌ಸ್ಪಾಟ್. 720ಪಿ ವಿಡಿಯೊ ತಾಸಿಗೆ ಸುಮಾರು ಒಂದು ಜಿಬಿ ನುಂಗುತ್ತದೆ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕು ಮೂರನೇ ಪೀರಿಯಡ್ಡಿಗೆ ಉಸಿರು ಬಿಡುತ್ತದೆ. 480ಪಿಗೆ ಇಳಿಸಿದರೆ ಅರ್ಧ ಉಳಿಯುತ್ತದೆ, ಹಿಂದಿನ ಬೆಂಚಿಗೆ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ದೀಕ್ಷಾ ಆ್ಯಪಿನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಆದರೆ ಆ ಆ್ಯಪಿನೊಳಗೇ. ಕೆಲವು ಪಾಠಗಳು ಯೂಟ್ಯೂಬ್ ಕೊಂಡಿಗಳು, ಅವು ಇಳಿಯುವುದಿಲ್ಲ; ಇದನ್ನು ತರಗತಿಯಲ್ಲಿ ಕಂಡುಕೊಳ್ಳುವ ಬದಲು ಹಿಂದಿನ ರಾತ್ರಿ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಮ್ಮೆ ಓಡಿಸಿ ನೋಡಿ. ಪೆನ್ ಡ್ರೈವಿನಲ್ಲಿ ಒಯ್ಯುವವರಿಗೆ: ಫ್ಯಾಟ್32 ಫಾರ್ಮ್ಯಾಟಿನಲ್ಲಿ 4 ಜಿಬಿ ಮೀರಿದ ಒಂದು ಫೈಲ್ ಕೂರುವುದಿಲ್ಲ, ಮತ್ತು ಫೈಲಿನ ಹೆಸರು ಕನ್ನಡದಲ್ಲಿದ್ದರೆ ಕೆಲವು ಪ್ಯಾನೆಲ್ಲುಗಳು ಬರೀ ಚೌಕ ತೋರಿಸುತ್ತವೆ. ತರಗತಿ, ಪಾಠದ ಸಂಖ್ಯೆಯನ್ನು ಅಂಕಿಯಲ್ಲೇ ಬರೆಯಿರಿ. ಕೇಂದ್ರ ಸರ್ಕಾರದ ಪಿಎಂ ಇ-ವಿದ್ಯಾ ಪಾಠದ ಟಿವಿ ಚಾನೆಲ್‌ಗಳು ಡಿಡಿ ಫ್ರೀ ಡಿಶ್‌ನಲ್ಲಿ ತಿಂಗಳ ಶುಲ್ಕವಿಲ್ಲದೆ ಸಿಗುತ್ತವೆ. ಆದರೆ ಅದರ ವೇಳಾಪಟ್ಟಿ ನಿಮ್ಮ ಪೀರಿಯಡ್ಡಿಗೆ ಹೊಂದುವುದಿಲ್ಲ.

ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆಗೆ ಈ ಪ್ಯಾನೆಲ್ ಹಾಕುವುದು ದಂಡ. ಅಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ, ಒಬ್ಬರಿಗೊಬ್ಬರು ಎದುರಾಗಿ ಕೂತು ಕಾರ್ಡಿನಲ್ಲಿ ಕಲಿಯುತ್ತಾರೆ. ಪರದೆ ಹಚ್ಚಿದರೆ ಎಲ್ಲರೂ ಒಂದೇ ಕಡೆ ತಿರುಗಿ ಬಾಯಿ ತೆರೆದು ಕೂರುತ್ತಾರೆ, ಕಾರ್ಡು ಚೀಲ ಸೇರುತ್ತದೆ. ಆರರಿಂದ ಹತ್ತನೇ ತರಗತಿಗೆ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳು (ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳು) ಇದಕ್ಕೆ ಹೇಳಿ ಮಾಡಿಸಿದವು. ಹಲವು ಕನ್ನಡದಲ್ಲೂ ಇವೆ, ಒಂದೊಂದನ್ನೂ ಫೈಲಾಗಿ ಇಳಿಸಿಟ್ಟುಕೊಂಡರೆ ನೆಟ್ ಬೇಡ. ವಿದ್ಯುತ್ ಮಂಡಲದ ಪಾಠದಲ್ಲಿ ಹುಡುಗರು ತಾವೇ ಬ್ಯಾಟರಿ, ಬಲ್ಬು ಎಳೆದು ಜೋಡಿಸಿ, ಶಾರ್ಟ್ ಮಾಡಿ ಬೆಂಕಿ ನೋಡಿ ನಗುತ್ತಾರೆ. ಸಮಾಜ ವಿಜ್ಞಾನಕ್ಕೆ ನಮ್ಮ ಶಿಫಾರಸು ಉಪಗ್ರಹ ನಕ್ಷೆ. ಕೃಷ್ಣಾ-ತುಂಗಭದ್ರೆಯ ನಡುವಿನ ದೋಆಬನ್ನು ತೆರೆದು, ಹೊಸಪೇಟೆಯ ಜಲಾಶಯದಿಂದ ಎಡದಂಡೆ ಕಾಲುವೆಯ ಗುಂಟ ಬೆರಳು ಎಳೆದುಕೊಂಡು ಬನ್ನಿ: ಗಂಗಾವತಿ, ಸಿಂಧನೂರು, ಮಾನ್ವಿ ಹಸಿರು, ಒಂದಿಷ್ಟು ಪಕ್ಕಕ್ಕೆ ಸರಿದರೆ ಕುಷ್ಟಗಿಯ ಕಂದು. ಕಾಲುವೆ ಕೊನೆಯ ಊರಿನ ಮಕ್ಕಳು ತಮ್ಮ ಹೊಲವನ್ನು ಹುಡುಕದೆ ಬಿಡುವುದಿಲ್ಲ. ನೀರಾವರಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಪುಸ್ತಕದಲ್ಲಿಲ್ಲ.

ಇದೆಲ್ಲ ತರಗತಿಯ ಮಾತು. ಪ್ಯಾನೆಲ್ಲಿಗೆ ಇನ್ನೊಂದು ಗಿರಾಕಿ ಇದೆ, ಆಫೀಸ್ ಕೆಲಸ. ಶಾಲೆಯ ಹಳೇ ಕಂಪ್ಯೂಟರ್ ಕೆಟ್ಟಿದ್ದರೆ ಮುಖ್ಯಗುರುಗಳು ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿ ದಾಖಲೆ), ಯು-ಡೈಸ್ ಪ್ಲಸ್ (ಕೇಂದ್ರದ ಶಾಲಾ ದಾಖಲೆ), ಅಪಾರ್ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ನಮೂದನ್ನೆಲ್ಲ ಈ ಒಪಿಎಸ್‌ನಲ್ಲೇ ಮಾಡುತ್ತಾರೆ, ಆ ದಿನ ಮಕ್ಕಳಿಗೆ ಪರದೆ ಇಲ್ಲ. ಮಕ್ಕಳ ವಿವರ ಇಡೀ ತರಗತಿಯೆದುರು 65 ಇಂಚಿನಲ್ಲಿ ತೆರೆದುಕೊಳ್ಳುವುದೂ ಸರಿಯಲ್ಲ. ಒಪಿಎಸ್‌ಗೆ ಶಿಕ್ಷಕರದೊಂದು, ತರಗತಿಯದೊಂದು ಎರಡು ಲಾಗಿನ್ ಮಾಡಿ, ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಬೇಡಿ. ಈ ನಮೂದಿನಲ್ಲಿ ಸಿಕ್ಕಿಕೊಳ್ಳುವುದು ಹೆಸರು. 12 ಅಂಕಿಯ ಅಪಾರ್ ಐಡಿ ಆಗಲು ಪೋಷಕರ ಒಪ್ಪಿಗೆ ಪತ್ರದ ಜೊತೆ ಶಾಲೆಯ ದಾಖಲೆಯ ಹೆಸರು, ಹುಟ್ಟಿದ ದಿನಾಂಕ ಆಧಾರಿನಲ್ಲಿ ಇದ್ದಂತೆಯೇ ಇರಬೇಕು. ದಾಖಲಾತಿ ಪುಸ್ತಕದಲ್ಲಿ ‘ಹನುಮಂತ’, ಆಧಾರಿನಲ್ಲಿ ‘ಹನುಮಂತಪ್ಪ’ ಇದ್ದರೆ ಅಲ್ಲಿಗೇ ನಿಂತಿತು. ತಿದ್ದುವ ಮೊದಲು ಯಾವುದು ಜನನ ಪ್ರಮಾಣಪತ್ರಕ್ಕೆ ಹೊಂದುತ್ತದೆ ನೋಡಿ, ಏಕೆಂದರೆ ಆಧಾರಿನಲ್ಲಿ ಹುಟ್ಟಿದ ದಿನಾಂಕ ಬದಲಿಸಲು ಸಿಗುವುದು ಒಂದೇ ಅವಕಾಶ. ಮಕ್ಕಳ ಬೆರಳಚ್ಚನ್ನು 5 ಮತ್ತು 15ನೇ ವಯಸ್ಸಿಗೆ ಹೊಸದಾಗಿ ಕೊಡಬೇಕು, 5-7 ಮತ್ತು 15-17ರ ಒಳಗೆ ಅದಕ್ಕೆ ಶುಲ್ಕವಿಲ್ಲ. ಇನ್ನು ಒಟಿಪಿ: ದಸರಾ ಮುಗಿದು ಅಪ್ಪ-ಅವ್ವ ಗುಳೆ ಹೋದರೆಂದರೆ ಆ ನಂಬರೂ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದ ಜಾಗದಲ್ಲಿ ರಿಂಗಾಗುತ್ತಿರುತ್ತದೆ. ಒಟಿಪಿ ಬೇಕಾಗುವ ಕೆಲಸಗಳನ್ನು ಜುಲೈ-ಆಗಸ್ಟ್‌ನಲ್ಲೇ ಮುಗಿಸುವುದು ವಾಸಿ.

ಶಾಲೆಯೆದುರಿನ ಕಿರಾಣಿ ಅಂಗಡಿಯ ಸೌಂಡ್ ಬಾಕ್ಸನ್ನು ಒಮ್ಮೆ ನೋಡಿ. ಒಳಗೆ ತನ್ನದೇ ಸಿಮ್, ತನ್ನದೇ ಬ್ಯಾಟರಿ, ‘ಇಪ್ಪತ್ತು ರೂಪಾಯಿ ಬಂದಿದೆ’ ಅನ್ನುವ ಒಂದೇ ಕೆಲಸ. ಅದೂ ಅದೇ ಡಿಜಿಟಲ್ ಅಲೆಯಲ್ಲಿ ಬಂದದ್ದು, ಕೆಟ್ಟು ಕೂತದ್ದು ಅಪರೂಪ. ಪ್ಯಾನೆಲ್ಲಿಗೆ ಕರೆಂಟ್ ಒಬ್ಬರದು, ನೆಟ್ ಇನ್ನೊಬ್ಬರದು, ಪಾಠ ಮತ್ತೊಬ್ಬರದು, ರಿಪೇರಿ ಯಾರದು ಅಂತ ಇನ್‌ಸ್ಟಲೇಷನ್ ರಿಪೋರ್ಟಿನಲ್ಲಿ ಹುಡುಕಬೇಕು.

ಆ ರಿಪೋರ್ಟಿಗೆ ಗೋಡೆಗೆ ಮೊಳೆ ಹೊಡೆದ ದಿನವೇ ಸಹಿ ಹಾಕಬಾರದು. ಮೊದಲು ಮೇನ್ ಇಳಿಸಿ, ಬ್ಯಾಟರಿ ಮೇಲೆ ಎರಡು ಪೀರಿಯಡ್ ಪೂರ್ತಿ ಓಡಿಸಿ. ಬ್ಯಾಟರಿಯ ವಾರಂಟಿ ಕಾರ್ಡ್ ಪ್ಯಾನೆಲ್ಲಿನದಕ್ಕಿಂತ ಬೇರೆ, ಅದರಲ್ಲಿ ಸೀರಿಯಲ್ ನಂಬರ್, ಮಾರಾಟದ ದಿನಾಂಕ, ಅಂಗಡಿಯ ಮೊಹರು ಮೂರೂ ಇರಬೇಕು. ಒಪಿಎಸ್‌ನ ಸೀರಿಯಲ್ ನಂಬರನ್ನೂ ದಾಸ್ತಾನು ಪುಸ್ತಕದಲ್ಲಿ ಪ್ರತ್ಯೇಕ ಸಾಲಾಗಿ ಬರೆಸಿ. ಎರಡು ಸ್ಕ್ರೂ ಬಿಚ್ಚಿದರೆ ಅದು ಕೈಚೀಲದಲ್ಲಿ ಹೋಗುವ ಸಾಮಾನು.

ಏಪ್ರಿಲ್‌ನಲ್ಲಿ ರಜೆ ಬಿಡುವ ದಿನ ಬ್ಯಾಟರಿಗೆ ನೀರು ತುಂಬಿಸಿ, ರಾತ್ರಿಯಿಡೀ ಚಾರ್ಜ್ ಆದಮೇಲೆ ಇನ್ವರ್ಟರಿನ ಮುಂದಿನ ಸ್ವಿಚ್ ಬಂದ್ ಮಾಡಿ. ಮೇ ತಿಂಗಳ ನಡುವೆ ಒಂದು ದಿನ ಯಾರಾದರೂ ಹೋಗಿ ಮತ್ತೊಮ್ಮೆ ಚಾರ್ಜ್ ಮಾಡಲೇಬೇಕು, ಬಿಸಿಲಿಗೆ ಅದು ಕೂತಲ್ಲೇ ಇಳಿಯುತ್ತದೆ. ಪ್ಯಾನೆಲ್ಲಿನ ಪ್ಲಗ್ ಕಿತ್ತಿಡಿ, ಮುಂಗಾರಿನ ಮೊದಲ ಸಿಡಿಲು ಶಾಲೆ ಶುರುವಾಗುವುದಕ್ಕೆ ಕಾಯುವುದಿಲ್ಲ. ರಿಮೋಟಿನ ಸೆಲ್ ತೆಗೆದು ಬೀರುವಿನಲ್ಲಿ ಇಡಿ. ಸೋರಿ ಸ್ಪ್ರಿಂಗಿಗೆ ಹಸಿರು ಹಿಡಿದರೆ ಜೂನಿನಲ್ಲಿ ಎಚ್‌ಡಿಎಂಐಯಿಂದ ಒಪಿಎಸ್‌ಗೆ ಬದಲಿಸಲು ಬಟನ್ ಎಲ್ಲಿದೆ ಅಂತ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಫೋನ್ ಮಾಡಬೇಕಾಗುತ್ತದೆ.